ತಾತ್ಕಾಲಿಕ ಆಧಾರಗಳ ಪರೀಕ್ಷೆ

ನಗರದ ರಾಜಮಾರ್ಗವನ್ನು ವಿಸ್ತರಿಸುವಾಗಲೂ ಅದರ ಪಕ್ಕದಲ್ಲಿ ಸುರಂಗವನ್ನು ತೋಡುವಾಗಲೂ ನಡೆಯುವ ನಿರ್ಮಾಣವು ಎರಡು ಬಗೆಯದು. ಸೇತುವೆ, ಸುರಂಗ ಮುಂತಾದುವು ಸ್ಥಾಯಿಯಾದುವು. ಅವು ಸಿದ್ಧವಾಗುವವರೆಗೆ ಮಣ್ಣನ್ನು ತಡೆದು ನಿಲ್ಲಿಸುವ ಗೋಡೆ, ಅಡ್ಡತೊಲೆಗಳು ತಾತ್ಕಾಲಿಕವಾದುವು. ತಾತ್ಕಾಲಿಕವೆಂಬ ಶಬ್ದವು ಕಾಲದ ಅಲ್ಪತೆಯನ್ನು ಹೇಳುವುದೇ ಹೊರತು ಭಾರದ ಅಲ್ಪತೆಯನ್ನಲ್ಲ. ಇದಕ್ಕೆ ಸಿಂಗಪುರದ ನಿಕಾಲ್ ಹೆದ್ದಾರಿಯ ವೃತ್ತಾಂತವು ನಿದರ್ಶನವಾಗಿದೆ.

2004ನೆಯ ಏಪ್ರಿಲ್ 20ರಂದು ಆ ಹೆದ್ದಾರಿಯ ಬದಿಯಲ್ಲಿ ಭೂಗರ್ಭ ರೈಲುಮಾರ್ಗಕ್ಕಾಗಿ ಸುಮಾರು 30 ಮೀಟರು ಆಳಕ್ಕೆ ತೋಡಿದ್ದ ಕಂದಕವು ಕುಸಿದು, ಹೆದ್ದಾರಿಯ ಒಂದು ಭಾಗವೂ ಅದರೊಡನೆ ಕೆಳಗಿಳಿಯಿತು. ನಾಲ್ವರು ಮೃತರಾದರು.

ಅಲ್ಲಿಯ ನೆಲವು ಕಡಲಿನ ಮೃದುವಾದ ಜೇಡಿಮಣ್ಣು. ನೀರು ತುಂಬಿದ ಇಂತಹ ಮಣ್ಣನ್ನು ಶೀಘ್ರವಾಗಿ ತೋಡಿದಲ್ಲಿ ಒಳಗಣ ನೀರು ಹೊರಹರಿಯಲು ಅವಕಾಶವಿರದು. ಕಣಗಳು ಒತ್ತಾಗಿ ಸೇರಲೆಳಸಿದರೂ ನಡುವಣ ನೀರು ಎಡೆಗೊಡದೆ ಒತ್ತಡವನ್ನು ತಾನೇ ಹೊರುವುದು. ಅದರಿಂದ ಕಣಗಳ ಪರಸ್ಪರ ಹಿಡಿತವು ತಗ್ಗುವುದು. ವಿನ್ಯಾಸದಲ್ಲಿ ಅನುಸರಿಸಿದ ಗಣನಪದ್ಧತಿಯು ಇದನ್ನು ಲೆಕ್ಕಕ್ಕೆ ತಾರದೆ ಮಣ್ಣಿಗೆ ಇಲ್ಲದ ಬಲವನ್ನು ಆರೋಪಿಸಿತು. ಆದಕಾರಣ ಗೋಡೆಯ ಬಾಗು ನಿಜವಾದುದರ ಸುಮಾರು ಅರ್ಧವೆಂದೇ ಫಲಿಸಿತು. ಇದಲ್ಲದೆ, ಅಡ್ಡತೊಲೆಗಳು ಗೋಡೆಯುದ್ದದ ತೊಲೆಗಳನ್ನು ಕೂಡುವ ಸಂಧಿಗಳು ದುರ್ಬಲವಾಗಿದ್ದುವು. ಒಂದು ಸಾಲಿನ ಸಂಧಿಗಳು ಸೋಲಲು, ಅವುಗಳ ಭಾರವು ಮೇಲಣ ಸಾಲಿಗೆ ಬಿದ್ದು ಅದೂ ಸೋತಿತು.

ತರ್ಕಪರಿಭಾಷೆಯಲ್ಲಿ ಹೇಳುವುದಾದರೆ ವಿನ್ಯಾಸವು ಅನುಮಾನ, ಮಾಪನವು ಪ್ರತ್ಯಕ್ಷ. ಬೆಂಕಿಯು ತಣ್ಣಗಿದೆಯೆಂಬ ಅನುಮಾನವು ಕೈಸುಟ್ಟ ಕೂಡಲೆ ಬಾಧಿತವಾಗುವಂತೆ, ಪ್ರತ್ಯಕ್ಷವು ವಿರೋಧಿಸಿದೊಡನೆ ಲೆಕ್ಕವನ್ನು ಮೂಲದಿಂದ ಶೋಧಿಸಬೇಕಾದುದು ನ್ಯಾಯ. ಅಲ್ಲಿ ಮಾಪನಯಂತ್ರಗಳು ಅಂದಾಜನ್ನು ಮೀರಿದ ಬಾಗನ್ನು ತೋರಿಸಿದ್ದುವು. ಆದರೆ ಮಿತಿಯ ಅಂಕೆಗಳನ್ನೇ ಏರಿಸಿ ಕೆಲಸವನ್ನು ಮುಂದುವರಿಸಲಾಯಿತು. 2005ರ ವಿಚಾರಣಾ ಸಮಿತಿಯ ವರದಿಯಲ್ಲಿ ಈ ದೋಷಗಳು ನಿರೂಪಿತವಾಗಿವೆ.

ಪರಿಶೀಲನೆಯ ಕ್ರಮವನ್ನು ಕುರಿತು ಬ್ರಿಟನ್ನಿನ ಬಿ.ಎಸ್. 5975 ಎಂಬ ಸಂಹಿತೆಯು 0ಯಿಂದ 3ರವರೆಗೆ ನಾಲ್ಕು ವರ್ಗಗಳನ್ನು ವಿಧಿಸಿದೆ. ಗಂಡಾಂತರವು ಹೆಚ್ಚಿದಂತೆಲ್ಲ ಪರೀಕ್ಷಕನು ವಿನ್ಯಾಸಕಾರನಿಂದ ದೂರದವನಾಗಿರತಕ್ಕದ್ದು; 3ನೆಯ ವರ್ಗದಲ್ಲಿ ಅನ್ಯಸಂಸ್ಥೆಯವರೇ ಪರೀಕ್ಷಿಸಬೇಕು. ಆದರೆ ಮೊದಲಿನವರ ಲೆಕ್ಕವನ್ನೇ ತಿರುಗಿ ಕೂಡಿದರೆ ಮೊದಲಿನ ದೋಷವೇ ತಿರುಗಿ ಬರುವುದು. ಬರೆಹದ ತಪ್ಪನ್ನು ಅದರ ನಕಲಿನಿಂದ ತಿದ್ದಲಾಗದು. ಪರೀಕ್ಷಕನು ನೆಲದ ಪರೀಕ್ಷಾಫಲಗಳಿಂದ ಮಣ್ಣಿನ ಗುಣಗಳನ್ನು ತಾನೇ ನಿರ್ಣಯಿಸಿ, ಬೇರೊಂದು ಪದ್ಧತಿಯಿಂದಲೂ ಗಣಿಸಿ, ತೋಡುವಿಕೆಯ ಪ್ರತಿಯೊಂದು ಹಂತವನ್ನೂ ಸಂಧಿಗಳನ್ನೂ ವಿಮರ್ಶಿಸಬೇಕು. ಸ್ಥಾಯಿಯಾದ ಕಟ್ಟಡದಲ್ಲಿ ಜನರು ಮುಂದೆ ಸಂಚರಿಸುವರು. ತಾತ್ಕಾಲಿಕವಾದುದರ ಅಡಿಯಲ್ಲಿ ಕೆಲಸಗಾರರು ಇಂದೇ ನಿಂತಿರುವರು.