ಮೂಗಿನ ಕೆಳಗೊಂದು ಜೇನುಬಣ್ಣ

ಮಗುವಿನ ಮೂಗಿನ ಹೊಳ್ಳೆಯ ಕೆಳಗೆ ಪುಟ್ಟದೊಂದು ಗುಳ್ಳೆ. ನೋಡನೋಡುತ್ತಲೇ ಒಡೆದು, ರಸ ಒಸರಿ, ಅಲ್ಲೇ ಒಣಗಿ ಹಕ್ಕಳೆಗಟ್ಟುತ್ತದೆ. ಆ ಹಕ್ಕಳೆಯ ಬಣ್ಣ ನೋಡಿ! ಅಪ್ಪಟ ಜೇನಿನ ಹೊಂಬಣ್ಣ. ಅದೊಂದನ್ನು ಕಂಡರೆ ಸಾಕು, ವೈದ್ಯರು ಬಹುತೇಕ ಯಾವ ಪರೀಕ್ಷೆಯೂ ಇಲ್ಲದೆ ಹೇಳಿಬಿಡುತ್ತಾರೆ: ಇದು ಇಂಪೆಟಿಗೊ, ಮುಟ್ಟಿದರೆ ಅಂಟುವ ಬ್ಯಾಕ್ಟೀರಿಯಾ ಸೋಂಕು. ಜಗತ್ತಿನಲ್ಲಿ ಯಾವ ಹೊತ್ತಿಗೆ ಎಣಿಸಿದರೂ 16 ಕೋಟಿಗೂ ಹೆಚ್ಚು ಮಕ್ಕಳಿಗೆ ಇದು ಇದ್ದೇ ಇರುತ್ತದೆಂಬ ಅಂದಾಜಿದೆ. ನಮ್ಮ ಕಂದು ಮೈಬಣ್ಣದಲ್ಲಿ ಸುತ್ತಲಿನ ಕೆಂಪು ಅಷ್ಟಾಗಿ ಎದ್ದು ಕಾಣದು, ಹಕ್ಕಳೆಯನ್ನೇ ನೋಡಬೇಕು.

ಇದರ ಹಿಂದೆ ಇರುವವು ಸ್ಟ್ರೆಪ್ಟೊಕಾಕಸ್ ಮತ್ತು ಸ್ಟ್ಯಾಫಿಲೊಕಾಕಸ್ ಆರಿಯಸ್. ಎರಡನೆಯದು ಸುಮಾರು ನೂರಕ್ಕೆ ಮೂವತ್ತು ಮಂದಿಯ ಮೂಗಿನೊಳಗೆ ಯಾವ ತಂಟೆಯೂ ಮಾಡದೆ ವಾಸವಾಗಿರುತ್ತದೆ! ಸೊಳ್ಳೆ ಕಚ್ಚಿದ್ದನ್ನು ಮಗು ಕೆರೆದುಕೊಂಡರೆ ಒಳನುಗ್ಗಲು ಅಷ್ಟೇ ದಾರಿ ಸಾಕು.

ಇನ್ನು ದೊಡ್ಡ ನೀರುಗುಳ್ಳೆ ಏಳುವ ಬಗೆಯ ಇಂಪೆಟಿಗೊ ಇದೆಯಲ್ಲ, ಅದರ ಕೈಚಳಕಕ್ಕೆ ಉಸಿರು ಬಿಗಿಹಿಡಿಯಬೇಕು. ಚರ್ಮದ ಜೀವಕೋಶಗಳು ಒಂದನ್ನೊಂದು ಬಿಗಿದಪ್ಪಿಕೊಳ್ಳಲು ನೆರವಾಗುವುದು ಡೆಸ್ಮೊಗ್ಲೀನ್ ಎಂಬ ಪ್ರೋಟೀನು. ಸ್ಟ್ಯಾಫಿಲೊಕಾಕಸ್‌ನ ವಿಷ ಅದರಲ್ಲಿ ಒಂದನೇ ಬಗೆಯನ್ನು ಮಾತ್ರ ಹುಡುಕಿ ಕತ್ತರಿಸುತ್ತದೆ ಎಂದು ಜಪಾನಿನ ಮಸಾಯುಕಿ ಅಮಗಾಯ್ ಮತ್ತು ಸಂಗಡಿಗರು 2000ರಲ್ಲಿ ತೋರಿಸಿಕೊಟ್ಟರು. ಆಳದ ಪದರದಲ್ಲಿ ಮೂರನೇ ಬಗೆಯ ಡೆಸ್ಮೊಗ್ಲೀನ್ ಹಿಡಿತ ಬಿಡುವುದಿಲ್ಲ. ಹಾಗಾಗಿ ಬಿರುಕು ಬಿಡುವುದು ಮೇಲಿನ ತೆಳುಪದರ ಮಾತ್ರ. ವಾಸಿಯಾದ ಮೇಲೆ ಸಾಮಾನ್ಯವಾಗಿ ಕಲೆಯೂ ಉಳಿಯದಿರುವುದಕ್ಕೆ ಗಾಯ ಆಳಕ್ಕೆ ಇಳಿಯದಿರುವುದೇ ಕಾರಣ! ಕಣ್ಣಿಗೆ ಕಾಣದ ಜೀವಿಯೊಂದಕ್ಕೆ ಇಷ್ಟು ಕರಾರುವಾಕ್ಕಾದ ಕತ್ತರಿ ಸಿಕ್ಕಿದ್ದಾದರೂ ಹೇಗೆ!

ಇಂಪೆಟಿಗೊವನ್ನು ಹುಳುಕಡ್ಡಿಯೆಂದು ತಪ್ಪಾಗಿ ತಿಳಿದು ಅಂಗಡಿಯಿಂದ ಸ್ಟೀರಾಯ್ಡ್ ಇರುವ ಮುಲಾಮು ತಂದು ಹಚ್ಚಿದರೆ ಸೋಂಕು ಹಬ್ಬುತ್ತದೆ. ಹುಳುಕಡ್ಡಿಯ ಅಂಚು ಉಂಗುರದಂತೆ ಸುತ್ತಿಕೊಂಡು ಹೊಟ್ಟು ಏಳುತ್ತದೆ. ಇಂಪೆಟಿಗೊ ಒಸರಿ ಅಂಟಂಟಾಗುತ್ತದೆ. ಹತ್ತಾರು ಕಡೆ ಎದ್ದು ರಾತ್ರಿಯೆಲ್ಲ ತುರಿಸುತ್ತಿದ್ದರೆ ಅಡಿಯಲ್ಲಿ ಕಜ್ಜಿಹುಳು ಇರಬಹುದು, ಅದಕ್ಕೂ ಚಿಕಿತ್ಸೆ ಬೇಕು. ಟವೆಲ್ಲು ಬೇರೆ ಇಡಿ, ಉಗುರು ಕತ್ತರಿಸಿ. ವೈದ್ಯರು ಕೊಟ್ಟ ಆಂಟಿಬಯೋಟಿಕ್ ಶುರುವಾಗಿ 24 ಗಂಟೆ ಕಳೆಯುವ ತನಕ ಮಗುವನ್ನು ಶಾಲೆಗೆ ಕಳಿಸಬೇಡಿ. ಹುಣ್ಣು ಮಾಗಿ ಕೆಲವು ವಾರಗಳಾದ ಮೇಲೂ ಮುಖ ಊದಿದರೆ, ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೇ ಮೂತ್ರಪಿಂಡಕ್ಕೆ ತೊಂದರೆಯಾಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.