ಪದರುಗಲ್ಲುಗಳೂ ಬಾವಿಯ ನೀರೂ

ಕುಸನೂರವೇ ಮೊದಲಾದ ಕಲಬುರಗಿಯ ಸುತ್ತಣ ಗ್ರಾಮಗಳಲ್ಲಿ ಎರೆಮಣ್ಣಿನ ಕೆಳಗೆ ದೊರೆಯುವುದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಶಿಲಾರಸವು ಆರಿ ಇದಾಯಿತು. ಅಂತಸ್ತುಗಳಾಗಿ ಕಂಡರೂ ಇದು ಜಲಜಶಿಲೆಯಲ್ಲ. ಶಹಾಬಾದದ ಫರಸಿಯಾದರೋ ಅದಕ್ಕಿಂತ ಬಹು ಪುರಾತನವಾದುದು. ಕಡಲಿನ ತಳದಲ್ಲಿ ಸುಣ್ಣದ ಕೆಸರು ಪದರುಪದರಾಗಿ ನೆಲೆನಿಂತು, ಮೇಲಣ ಭಾರದಿಂದ ಒತ್ತಲ್ಪಟ್ಟು ಕಲ್ಲಾಯಿತು. ಅದು ಹಲಗೆಯಂತೆ ಸೀಳುವುದು ಈ ಕಾರಣದಿಂದಲೇ.

ಜಲಜಶಿಲೆಗಳನ್ನು ಮೂಲದ್ರವ್ಯದಿಂದ ವಿಂಗಡಿಸುವರು. ನೀರು ಹೊತ್ತು ತಂದ ಮರಳು ಬೆಸೆದುಕೊಂಡರೆ ಮರಳುಗಲ್ಲು, ಜೇಡಿಯಾದರೆ ಜೇಡಿಗಲ್ಲು, ನೀರಿನಲ್ಲಿ ಕರಗಿದ್ದ ಸುಣ್ಣವು ಬೇರ್ಪಟ್ಟೋ, ಜಲಚರಗಳ ಚಿಪ್ಪುಗಳು ಕೂಡಿಯೋ ಆದುದು ಸುಣ್ಣಕಲ್ಲು, ಸಸ್ಯಗಳಿಂದಾದುದು ಕಲ್ಲಿದ್ದಲು.

ಬಾವಿ ತೋಡಿಸುವ ಜಮೀನುದಾರರಿಗೆ ಈ ಭೇದವು ಹಣದ ಮಾತು. ಜೇಡಿಗಲ್ಲು ನೀರನ್ನು ಸುಲಭವಾಗಿ ಬಿಟ್ಟುಕೊಡದು. ಫರಸಿಯಲ್ಲಿ ನೀರಿರುವುದು ಬಿರುಕು, ಪೊಳ್ಳು, ಪದರಗಳ ಸಂದುಗಳಲ್ಲಿ ಮಾತ್ರ. ಬಿರುಕಿಲ್ಲದ ಬಂಡೆಯನ್ನು ಸಿಡಿಮದ್ದಿನಿಂದ ಎಷ್ಟು ಒಡೆಸಿದರೂ ಖರ್ಚೇ ಹೊರತು ಊಟೆ ದೊರೆಯಲಾರದು. ಕರಿಕಲ್ಲಿನಲ್ಲಿಯಾದರೆ ಮೇಲಣ ಶಿಥಿಲವಾದ ಗರಸನ್ನೂ ಸೀಳುಗಳನ್ನೂ ನೋಡತಕ್ಕದ್ದು.

ಕಲ್ಲು ಯಾವುದೆಂಬ ಸಂದೇಹವಿದ್ದಲ್ಲಿ ಒಡೆದ ಹೊಸ ಮುಖದಿಂದ ಪುಡಿ ತೆಗೆದು ನಿಂಬೆಯ ರಸ ಹಿಂಡಬೇಕು. ಸುಣ್ಣಕಲ್ಲು ನೊರೆಗಟ್ಟುವುದು, ಕರಿಕಲ್ಲು ನೊರೆಗಟ್ಟದು. ಕರಿಕಲ್ಲಿನ ಸಂದುಗಳಲ್ಲಿ ಬಿಳಿಯ ಸುಣ್ಣದ ಎಳೆಗಳೂ ಇರುವುದುಂಟು, ಅವುಗಳಿಂದ ಮೋಸಹೋಗಬಾರದು.