ಸೆನ್ಸರ್‌ಗೆ ವಿಳಾಸ ಬೇಕೇ?

ಅಮೆರಿಕದ ಮೇಯ್ನ್ ಕರಾವಳಿಯಾಚೆ ಗ್ರೇಟ್ ಡಕ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಕಾವು ಕೂತ ಮೊದಲ ದಿನಗಳಲ್ಲಿ ಯಾರಾದರೂ ಇಣುಕಿದರೆ ಅದು ಗೂಡನ್ನೇ ತೊರೆಯಬಹುದು. ಹಾಗಾಗಿ 2002ರಲ್ಲಿ ಬರ್ಕ್ಲಿಯ ಸಂಶೋಧಕರು ಬಿಲಗಳಲ್ಲೂ ಸುತ್ತಮುತ್ತಲೂ ಬ್ಯಾಟರಿಯ 32 ಸೆನ್ಸರ್‌ಗಳನ್ನಿಟ್ಟು ದೂರದಿಂದಲೇ ಉಷ್ಣತೆ, ತೇವಾಂಶ ತಿಳಿದುಕೊಂಡರು.

ಇಂಥ ಜಾಲದಲ್ಲಿ ಯಾವ ಸೆನ್ಸರ್ ಮಾತಾಡುತ್ತಿದೆ ಎಂದು ಗೊತ್ತಾಗುವುದು ಹೇಗೆ? ಇಂಟರ್ನೆಟ್ಟಿನಂತೆ ಐಪಿ ವಿಳಾಸ ಕೊಡಬಹುದಲ್ಲ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿ. ಐಪಿ ಆರನೇ ಆವೃತ್ತಿಯ ಒಂದು ವಿಳಾಸಕ್ಕೆ 16 ಬೈಟ್. ಕಳಿಸುವವರದು, ಪಡೆಯುವವರದು ಸೇರಿ 32. ಸೆನ್ಸರ್‌ಗಳು ಹೆಚ್ಚಾಗಿ ಬಳಸುವ 802.15.4 ರೇಡಿಯೊ ಮಾನದಂಡದ ಮೂಲರೂಪದಲ್ಲಿ ಒಂದು ಸಂದೇಶ 127 ಬೈಟ್ ಮೀರುವಂತಿಲ್ಲ. ತಿಳಿಸಬೇಕಾದ ಉಷ್ಣತೆಗೋ ಎರಡು ಬೈಟ್ ಸಾಕು! ಅಂಚೆ ಕಾರ್ಡಿನ ತುಂಬ ವಿಳಾಸವನ್ನೇ ಬರೆದ ಹಾಗಾಯಿತು. ಅದಕ್ಕಾಗಿ ಜಾಲದೊಳಗೆ ಎರಡೇ ಬೈಟಿನ ಚಿಕ್ಕ ವಿಳಾಸ ಬಳಸುತ್ತಾರೆ. ಅದರಲ್ಲೂ 65,000ಕ್ಕೂ ಹೆಚ್ಚು ಸೆನ್ಸರ್‌ಗಳನ್ನು ಗುರುತಿಸಬಹುದು.

2000ದಲ್ಲಿ ಬಂದ ಡೈರೆಕ್ಟೆಡ್ ಡಿಫ್ಯೂಷನ್ ವಿಧಾನ ಇನ್ನೂ ಮುಂದೆ ಹೋಯಿತು. ಅಲ್ಲಿ '17ನೇ ಸೆನ್ಸರ್, ಹೇಳು' ಎನ್ನುವುದಿಲ್ಲ. '40 ಡಿಗ್ರಿ ದಾಟಿದ್ದು ಎಲ್ಲಿ?' ಎಂದು ಕೇಳುತ್ತಾರೆ. ಪ್ರಶ್ನೆ ಒಂದರಿಂದ ಒಂದಕ್ಕೆ ಹರಡುತ್ತದೆ. ಯಾರಿಂದ ಕೇಳಿದ್ದು ಎಂಬುದನ್ನು ಪ್ರತಿ ಸೆನ್ಸರ್ ನೆನಪಿಡುತ್ತದೆ, ಉತ್ತರ ಅದೇ ದಾರಿಯಲ್ಲಿ ಮರಳುತ್ತದೆ. ನನಗೆ ಬಹಳ ಹಿಡಿಸಿದ ಉಪಾಯವಿದು.

ದಾರಿ ಆರಿಸುವುದೇ ರೂಟಿಂಗ್. ಬಯಲಿನಲ್ಲಿ ರೇಡಿಯೊ ಪ್ರಸಾರಕ್ಕೆ ಬೇಕಾದ ಶಕ್ತಿ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 100 ಮೀಟರ್ ಒಂದೇ ನೆಗೆತಕ್ಕೆ 10,000 ಪಾಲು ಎಂದುಕೊಂಡರೆ, 50 ಮೀಟರಿನ ಎರಡು ನೆಗೆತಕ್ಕೆ 5,000 ಪಾಲು. ಆದರೆ ನಡುವಿನ ಸೆನ್ಸರ್ ಕೇಳಿಸಿಕೊಳ್ಳಲೂ ಶಕ್ತಿ ಖರ್ಚಾಗುವುದರಿಂದ ನೆಗೆತ ಹೆಚ್ಚಿಸಿದಷ್ಟೂ ಲಾಭವೆಂದಲ್ಲ.

ಇನ್ನೊಂದು ತೊಡಕಿದೆ. ಮುಖ್ಯ ಕೇಂದ್ರಕ್ಕೆ ಹತ್ತಿರವಿರುವ ಸೆನ್ಸರ್‌ಗಳು ಎಲ್ಲರ ಸಂದೇಶ ಹೊತ್ತು ಬೇಗ ಸಾಯುತ್ತವೆ. ಹಿಂದಿನವು ಬದುಕಿದ್ದರೂ ಅವುಗಳ ದನಿ ತಲುಪುವುದಿಲ್ಲ. ಇಂಥ ಅಸಮ ಹೊರೆ ತಗ್ಗಿಸಲು ಎಂಐಟಿಯವರು 2000ದಲ್ಲಿ ಪ್ರಕಟಿಸಿದ ಲೀಚ್ ವಿಧಾನದಲ್ಲಿ ಗುಂಪಿನ ನಾಯಕತ್ವ ಸರದಿಯಂತೆ ಬದಲಾಗುತ್ತದೆ. (ಕ್ಲಾಸ್ ಲೀಡರ್ ಕೆಲಸವೂ ಹೀಗಿದ್ದರೆ!) ನಾಯಕ ಗುಂಪಿನ ಮಾಹಿತಿಯನ್ನು ಒಟ್ಟುಗೂಡಿಸಿ ಚಿಕ್ಕದಾಗಿಸಿ ಕಳಿಸುತ್ತದೆ.

ಕೇರಳದ ಮುನ್ನಾರಿನಲ್ಲಿ ಭೂಕುಸಿತದ ಮುನ್ನೆಚ್ಚರಿಕೆಗಾಗಿ ಅಮೃತಾ ವಿಶ್ವವಿದ್ಯಾಲಯದವರು ಸೆನ್ಸರ್ ಜಾಲ ಹಾಕಿದ್ದಾರೆ. ಗುಡ್ಡದ ಮಣ್ಣಿನಲ್ಲಿ ನೀರಿನ ಒತ್ತಡ ಏರಿದ ಸುದ್ದಿ ಅಲ್ಲಿ ಮಳೆಯ ನಡುವೆಯೇ ಕೆಳಗಿನ ಮನೆಗಳವರಿಗೆ ಮುಟ್ಟಬೇಕು.